ಮಾಳಿಗೆ ಮೇಲಿನ ಮಗುಚಿದ ಕೊಡೆ

ನಮ್ಮ ಚಿಕ್ಕಪ್ಪ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ದಿನವಿಡೀ ಊರಿನವರ ಕಣ್ಣಿಗೆ ಗಾಜು ಹೊಂದಿಸಿ ಸಂಜೆ ಬೀದಿಗಿಳಿದರೆ ಅವರ ಕಣ್ಣು ಆಕಾಶದಲ್ಲಿ. ಮನೆಯಲ್ಲೇ ಕೂತು ದೂರದೇಶದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೋದ ಹುಚ್ಚು. ಯಾವ ಮಾಳಿಗೆಯ ಮೇಲಿನ ಆಂಟೆನಾ ಪೊಲೀಸರದು, ಯಾವುದು ಟ್ಯಾಕ್ಸಿಯವರದು, ಯಾವುದು ತಮ್ಮಂಥ ಮಾತುಗಾರರದು ಎಂದು ನಿಂತಲ್ಲೇ ಹೇಳುತ್ತಿದ್ದರು. ಹಾಗೆ ಹೇಳುತ್ತ ಚರಂಡಿಗೆ ಕಾಲಿಟ್ಟದ್ದೂ ಉಂಟು.

ಚಿಕ್ಕಮ್ಮನಿಗೆ ಮಾತ್ರ ಸಾಕುಸಾಕಾಗಿತ್ತು. ಬಾಡಿಗೆ ಮನೆಯ ಮಾಳಿಗೆಯಲ್ಲಿ ಚಿಕ್ಕಪ್ಪ ತಂತಿ ಎಳೆಯುವುದು, ಮನೆಯ ಮಾಲೀಕರು ಸಿಡುಕುವುದು, ಇವರು ಗಂಟುಮೂಟೆ ಕಟ್ಟುವುದು, ಇದೇ ಸಂಸಾರವಾಗಿತ್ತು. ಮತ್ತೊಮ್ಮೆ ಮನೆ ಬಿಡಬೇಕಾಗಿ ಬಂದಾಗ ಖಡಾಖಂಡಿತವಾಗಿ ಹೇಳಿದರು: "ಮನೆ ನೋಡೋಕೆ ಹೋದಾಗ ತಂತಿ ಅಂತ ಬಾಯಿ ಬಿಟ್ಟರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ನೀವು ಕಂಬದ ಜೊತೆ ಸಂಸಾರ ಮಾಡಿ."

ಚಿಕ್ಕಪ್ಪ ಬಾಯಿಗೆ ಬೀಗ ಹಾಕಿಕೊಂಡೇ ಹೊರಟರು. ನಾನೂ ಜೊತೆಗಿದ್ದೆ. ಬೀಗ ಗೇಟಿನವರೆಗೆ ಬಾಳಿತು. ಆ ಮನೆಯ ಮಾಳಿಗೆಯ ಮೇಲೊಂದು ಕಂಬ, ತುದಿಯಲ್ಲಿ ಮಗುಚಿದ ಕೊಡೆಯ ಹಾಗೆ ಮೇಲಕ್ಕೆ ಚಾಚಿದ ಆರು ಕಡ್ಡಿ, ಸುತ್ತಲೂ ಬಿಗಿದ ತಂತಿ.

"ಆರು ಕೈಯದು. ಇದನ್ನ ಕಟ್ಟಿದವರು ಸಾಮಾನ್ಯದವರಲ್ಲ," ಎಂದು ನನ್ನ ಕಿವಿಯಲ್ಲಿ ಉಸುರಿದರು.

ಮನೆಯೊಡತಿ ನಿವೃತ್ತ ನರ್ಸ್. ಅಡುಗೆಮನೆ ತೋರಿಸಿದರು. ಕಿಟಕಿಯಿಂದ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತಿತ್ತು, ಚಿಕ್ಕಮ್ಮನ ಮುಖ ಅರಳಿತ್ತು. ಅಷ್ಟರಲ್ಲಿ ಚಿಕ್ಕಪ್ಪ ಕೇಳಿಯೇಬಿಟ್ಟರು: "ನಿಮ್ಮನೇಲಿ ರೇಡಿಯೋದಲ್ಲಿ ಮಾತಾಡೋರು ಯಾರು? ಮೇಲೆ ಆಂಟೆನಾ ಇದೆಯಲ್ಲ."

ಚಿಕ್ಕಮ್ಮ ಅವರ ಕಾಲು ತುಳಿದರು. ಆದರೆ ತಡವಾಗಿತ್ತು.

ಮನೆಯೊಡತಿ ನಮ್ಮನ್ನೆಲ್ಲ ಮಾಳಿಗೆಗೆ ಕರೆದೊಯ್ದರು. ಹತ್ತಿರದಿಂದ ನೋಡಿದರೆ ಅದು ಬಟ್ಟೆ ಒಣಹಾಕುವ ಸ್ಟ್ಯಾಂಡು. ಒಂದು ಕಡ್ಡಿಯಲ್ಲಿ ಕಾಲುಚೀಲ ನೇತಾಡುತ್ತಿತ್ತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಪ್ಪ ಇಂಗು ತಿಂದ ಮಂಗನ ಹಾಗೆ ನಿಂತರು.

ನಗು ಮುಗಿದ ಮೇಲೆ ಆಕೆಯ ದನಿ ಬದಲಾಯಿತು. "ಮೊದಲಿದ್ದವರು ಡಿಶ್ ಹಾಕ್ತೀವಿ ಅಂತ ಇಲ್ಲಿ ತೂತು ಕೊರೆದು ಮನೆಯೆಲ್ಲ ಸೋರಿತು. ನೀವೂ ಅದೇ ಪೈಕಿನಾ?"

ಮನೆ ಕೈತಪ್ಪಿತು ಎಂದುಕೊಂಡೆ. ಚಿಕ್ಕಪ್ಪ ಎಂದೂ ಇಲ್ಲದೆ ನೆಲ ನೋಡುತ್ತಿದ್ದರು. ಆಗ ಮಾತಾಡಿದವರು ಚಿಕ್ಕಮ್ಮ.

"ತೂತು ಕೊರೆಯಲ್ಲ. ನಿಮ್ಮ ಸ್ಟ್ಯಾಂಡು ತುಕ್ಕು ಹಿಡಿದು ತಿರುಗೋದೇ ನಿಲ್ಲಿಸಿದೆ, ಇವರು ಸರಿ ಮಾಡಿಕೊಡ್ತಾರೆ. ಇದೇ ಕಂಬದ ತಲೆ ಮೇಲೆ ಇವರದ್ದೂ ಒಂದು ಕೂರಲಿ. ಬಟ್ಟೆ ಕೆಳಗೆ, ಮಾತು ಮೇಲೆ."

ಚಿಕ್ಕಪ್ಪ ಅಪರೂಪದ ಆಂಟೆನಾ ಕಂಡವರಂತೆ ಹೆಂಡತಿಯನ್ನು ನೋಡಿದರು.

ಮನೆಯೊಡತಿ ಒಪ್ಪಿದರು, ಒಂದು ಷರತ್ತಿನ ಮೇಲೆ: ಬಟ್ಟೆ ಹರವಿರುವಾಗ ರೇಡಿಯೋ ಬಂದ್. ಹೀಗಾಗಿ ದೂರದೇಶದ ಗೆಳೆಯರೆಲ್ಲ ಈಗ ಮೊದಲು ಕೇಳುವುದೇ "ಬಟ್ಟೆ ಒಣಗಿತಾ?" ಎಂದು.

ಮೊನ್ನೆ ಮೋಡ ಕವಿದಿತ್ತು. ಸಮುದ್ರದಾಚೆಯ ಗೆಳೆಯನ ಜೊತೆ ಮಾತಾಡುವ ಹೊತ್ತು ಮೀರುತ್ತಿತ್ತು. ಮೇಲೆ ಚಾದರಗಳು ಇನ್ನೂ ತೊಟ್ಟಿಕ್ಕುತ್ತಿದ್ದವು, ಕೆಳಗೆ ಚಿಕ್ಕಪ್ಪ ಮೈಕು ಮುಟ್ಟದೆ ಕೂತಿದ್ದರು. ಚಿಕ್ಕಮ್ಮ ಗೊಣಗುತ್ತ ಮಾಳಿಗೆ ಹತ್ತಿ, ಒದ್ದೆ ಬಟ್ಟೆಯನ್ನೆಲ್ಲ ಹೊತ್ತು ತಂದು ಕುರ್ಚಿ, ಮಂಚ, ಬಾಗಿಲುಗಳ ಮೇಲೆ ಹರವಿದರು. ಕೊನೆಯ ಚಾದರಕ್ಕೆ ಜಾಗ ಸಾಲದೆ ಗಂಡನ ಹೆಗಲಿಗೇ ಹಾಕಿದರು.

"ಒಣಗಿತು ಅಂತ ಹೇಳಿ ಅವರಿಗೆ," ಎಂದರು.