ಕೂಸಿಗೆ ನೀರೆರೆಯುವ ಶರಣವ್ವ

ಶರಣವ್ವ ಎಂದರೆ ನನಗೆ ಮೊದಲು ನೆನಪಾಗುವುದು ಅವಳ ಬಾಯಿಯ ನಾತ. ದವಡೆಯಲ್ಲಿ ಸದಾ ಸುಣ್ಣ ತಿಕ್ಕಿದ ತಂಬಾಕು. ನಮ್ಮೂರು ಖಜೂರಿಯ ಅರ್ಧಕ್ಕರ್ಧ ಮಕ್ಕಳಿಗೆ ನೀರೆರೆದವಳು ಅವಳೇ. ಕಾಲು ಚಾಚಿ ಕೂತು, ಕೂಸನ್ನು ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಸುರಿದು, ಕೊನೆಗೆ ಕಿವಿಗೆ ಬಾಯಿ ಹಚ್ಚಿ ಫೂ ಎಂದು ಊದುತ್ತಿದ್ದಳು. ಒಳಗೆ ನೀರು ನಿಲ್ಲಬಾರದಂತೆ. ಆಮೇಲೆ ಎರಡು ಹನಿ ಬೆಚ್ಚಗಿನ ಎಣ್ಣೆ. ನನ್ನ ಮಗನ ಕಿವಿಯಂಚಿಗೆ ಕಂದು ಉಗುಳು ಅಂಟಿದ್ದನ್ನು ಕಂಡರೆ ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸುತ್ತಿದ್ದೆ.

“ಊದಬ್ಯಾಡ” ಅಂದರೆ ನಗುತ್ತಿದ್ದಳು. “ಅಕ್ಕಾರ, ನಿಮ್ಮ ಗಂಡನ ಕಿವ್ಯಾಗೂ ನಾನ ಊದೇನಿ. ಅವರಿಗಿ ಎಲ್ಲಾ ಕೇಳಸ್ತದ. ನಿಮ್ಮ ಮಾತಷ್ಟ ಕೇಳಸಂಗಿಲ್ಲ, ಅದಕ ನಾ ಏನ್ ಮಾಡ್ಲಿ?” ಅತ್ತೆಯೂ ನಗುತ್ತಿದ್ದರು. ನನ್ನ ಕೈಯಲ್ಲಿ ಚೀರುವ ಕೂಸು ಅವಳ ಕೈಗೆ ಹೋದೊಡನೆ ಸುಮ್ಮನಾಗುತ್ತಿತ್ತು. ಅದೂ ನನಗೆ ಸಿಟ್ಟೇ.

ಮಗನಿಗೆ ಎಂಟು ತಿಂಗಳಿದ್ದಾಗ ನೆಗಡಿ ಬಂತು. ಹಿಂದೆಯೇ ಬಲಗಿವಿ ಸೋರತೊಡಗಿತು. ಹಳದಿ ಕೀವು, ಕೊಳೆತ ವಾಸನೆ. ಬೆಳಿಗ್ಗೆ ಎತ್ತಿದರೆ ದುಪ್ಪಟಿ ಕಿವಿಗೆ ಅಂಟಿಕೊಂಡಿರುತ್ತಿತ್ತು. ಶರಣವ್ವ ಅದನ್ನು ಬೆರಳಿನಿಂದ ಒರೆಸಿ ಮೂಸಿ ನೋಡಿದಳು.

“ತೆಲ್ಯಾಗಿನ ಹೊಲಸು ಹೊರಗ ಬೀಳಾಕತ್ತದ, ಬೀಳ್ಲಿ ಬಿಡ್ರಿ. ಹಲ್ಲು ಬರೂ ಮುಂದ ಹಿಂಗ ಇರ್ತದ” ಎಂದು ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟಳು.

ತಿಂಗಳು ಕಳೆದರೂ ಸೋರುವುದು ನಿಲ್ಲಲಿಲ್ಲ. ಬಲಗಡೆ ಗಿಲಕಿ ಆಡಿಸಿದರೆ ಮಗ ತಿರುಗಲೇ ಇಲ್ಲ. ಅವತ್ತು ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಬೈದೆ: “ನಿನ್ನ ಹೊಲಸು ಬಾಯಿ ನನ್ನ ಕೂಸಿನ ಕಿವಿ ತಿಂತು. ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ.” ಅವಳು ಎಣ್ಣೆ ಬಟ್ಟಲು ಕೆಳಗಿಟ್ಟು ಹೊರಟುಹೋದಳು. ಅವತ್ತಿನಿಂದ ಬೇರೆ ಮನೆಯವರೂ ಅವಳನ್ನು ಕರೆಯುವುದು ಬಿಟ್ಟರು.

ಕಲಬುರಗಿಯ ಕಿವಿ ಡಾಕ್ಟರು ತಮಟೆಗೆ ತೂತು ಬಿದ್ದಿದೆ, ದೊಡ್ಡವನಾದ ಮೇಲೆ ಆಪರೇಷನ್ ಬೇಕಾಗಬಹುದು ಎಂದರು. ನಾನು ಶರಣವ್ವನ ಕತೆ ಬಿಚ್ಚಿದೆ.

“ಎಣ್ಣಿ ಹಾಕಿದ್ದು ತಪ್ಪ ಅದ್ರಿ, ಅದರಿಂದ ಮಾಯಲಿಲ್ಲ. ಆದ್ರ ಸುರು ಆಗಿದ್ದು ಒಳಗಿಂದ. ಮಲಗಿಸಿ ಬಾಟ್ಲಿ ಹಾಲು ಕುಡಸ್ತೀರೇನು? ನೆಗಡಿ ಇದ್ದಾಗ ಹಂಗ ಕುಡಿಸಿದ್ರ ಗಂಟಲದಿಂದ ಕಿವಿಗಿ ಏರ್ತದ.”

ಕುಡಿಸುತ್ತಿದ್ದೆ. ದಿನಾ ಬೆಳಿಗ್ಗೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಟ್ಟೆ ಮಡಚಿ ಬಾಟಲಿಗೆ ಆನಿಸಿ, ನಾನು ಶಾಲೆಗೆ ಹೊರಡಲು ಸೀರೆ ಉಡುತ್ತಿದ್ದೆ. ವಿಜ್ಞಾನದ ಟೀಚರು ನಾನು. ಗಂಟಲಿನಿಂದ ಕಿವಿಗೆ ಹೋಗುವ ನಾಳವನ್ನು ಬೋರ್ಡಿನ ಮೇಲೆ ಬರೆದು, ಹೆಸರು ತಪ್ಪಿದ ಮಕ್ಕಳನ್ನು ನಿಲ್ಲಿಸಿದವಳು. ಥೂ, ನನ್ನ ಓದಿಗಿಷ್ಟು!

ಮನೆಗೆ ಬಂದು ಎಣ್ಣೆಯ ಮಾತಷ್ಟೇ ಹೇಳಿದೆ. ಬಾಟಲಿಯ ಮಾತು ನುಂಗಿಕೊಂಡೆ.

ಹೋದ ತಿಂಗಳು ಶರಣವ್ವ ಅತನೂರಿನ ಮಗಳ ಮನೆಯಲ್ಲಿ ತೀರಿಕೊಂಡಳಂತೆ. ನಾನು ಅವಳನ್ನು ಕೊನೆಗೆ ಕಂಡದ್ದು ಮಗ ಶಾಲೆಗೆ ಸೇರಿದ ವರ್ಷ, ಆಳಂದ ಬಸ್ ಸ್ಟ್ಯಾಂಡಿನಲ್ಲಿ. ಮಗನನ್ನು ಕಂಡು ಹತ್ತಿರ ಬಂದವಳು ನಾಲ್ಕು ಮಾರು ದೂರದಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಈಗ ಕೇಳಸ್ತದೇನ್ರಿ ಅಕ್ಕಾರ?”

“ಒಂದ ಕಿವಿ.”

“ತಂಬಾಕ ಬಿಟ್ಟೇನ್ರಿ. ಮೊಮ್ಮಗಳಿಗೂ ನೀರು ಹಾಕಂಗಿಲ್ಲ, ಮುತ್ತು ಸುದ್ದ ಕೊಡಂಗಿಲ್ಲ. ನನ್ನ ಬಾಯಿ ಕೆಟ್ಟ ಖೋಡಿ ಅದ.”

ಅಲ್ಲ ಶರಣವ್ವ, ಅದು ನನ್ನಿಂದ ಆದದ್ದು ಎನ್ನಬೇಕಿತ್ತು. ಅಷ್ಟು ಹೇಳಿದ್ದರೆ ಅವಳು ಮನೆಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಳ್ಳುತ್ತಿದ್ದಳು.

“ಬಸ್ ಬಂತು” ಎಂದು ಮಗನ ಕೈ ಎಳೆದುಕೊಂಡು ನಡೆದೆ. ಬಸ್ಸು ಬರಲು ಇನ್ನೂ ಅರ್ಧ ಗಂಟೆ ಇತ್ತು.