ಊರಿಗೊಬ್ಬಳೇ ಸೂಲಗಿತ್ತಿ

ಪಟ್ಟಣದವರು ಅವಳನ್ನು ಬರಹದಮ್ಮ ಎಂದು ಕರೆಯುತ್ತಿದ್ದರು. ಪ್ರೀತಿಯಿಂದಲ್ಲ. ಹೆಸರಿಟ್ಟವನು ಬಸ್ ನಿಲ್ದಾಣದ ಚಹಾ ಅಂಗಡಿಯವನು. ಅವಳು ದೂರದಲ್ಲಿ ಕಂಡರೆ ಸಾಕು, "ಬಂದಳಪ್ಪಾ ಬರಹದಮ್ಮ, ಎಲ್ಲರೂ ಬಾಯಿಗೆ ಬೀಗ ಹಾಕ್ಕೊಳ್ಳಿ" ಎಂದು ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿ, ಅವಳ ಲೋಟವನ್ನು ಮೇಜಿನ ಮೇಲೆ ಕುಕ್ಕುತ್ತಿದ್ದ. ಅಂತರರಾಷ್ಟ್ರೀಯ ಶಾಂತಿಪಾಲನಾ ಪಡೆಯ ಕಚೇರಿಯಲ್ಲಿ ಅವಳ ಹುದ್ದೆ 'ರಾಜಕೀಯ ವ್ಯವಹಾರಗಳ ಕಿರಿಯ ಅಧಿಕಾರಿ'. ಹಾಗೆಂದರೆ ಚುನಾವಣೆಗೆ ನಿಲ್ಲುವ ಕೆಲಸವೇನೋ ಎಂದು ಅವಳ ಸ್ವಂತ ಅಕ್ಕನೇ ಆರು ತಿಂಗಳು ನಂಬಿದ್ದಳು. ನಿಜವಾದ ಕೆಲಸ ಅದಕ್ಕಿಂತ ಬಡಪಾಯಿಯದು. ಹೊಳೆಯ ಈಚೆ ಸರ್ಕಾರದ ಸೈನ್ಯ, ಆಚೆ ಬಂಡುಕೋರರು, ನಡುವೆ ಕದನವಿರಾಮ. ಎರಡೂ ದಡದ ಹಳ್ಳಿಗಳಿಗೆ ಹೋಗಿ, ಯಾರು ಯಾರಿಗೆ ಹೊಡೆದರು, ಯಾರು ಯಾರಿಗೆ ಹೊಡೆಯಲು ಹೊಂಚು ಹಾಕಿದ್ದಾರೆ ಎಂದು ತಿಳಿದುಕೊಂಡು, ಸಂಜೆ ನಾಲ್ಕರೊಳಗೆ ಒಂದು ಪುಟದ ವರದಿ ಬರೆದು ಕೊಡಬೇಕಿತ್ತು.

ಹಗೆ ಅವಳಿಗೆ ಹೊಸದಲ್ಲ. ಸರ್ಕಾರಿ ಕಚೇರಿಗಳಲ್ಲಿ ಅವಳು ಪರದೇಶದವರ ಚೇಲಾ. ಹೊಳೆ ದಾಟಿದರೆ ಸರ್ಕಾರದ ಬೇಹುಗಾರ್ತಿ. ತನ್ನದೇ ಕಚೇರಿಯಲ್ಲಿ, ಹತ್ತಾರು ದೇಶಗಳಿಂದ ಬಂದ ಅಧಿಕಾರಿಗಳ ಕಣ್ಣಿಗೆ ಅವಳು ಈ ನೆಲದವಳು, ಆದ್ದರಿಂದ ಪೂರ್ತಿ ನಂಬಬಾರದವಳು. ಮುಖ್ಯವಾದ ಸಭೆಗಳಿಗೆ ಮುಂಚೆ ಅವಳನ್ನು ನಯವಾಗಿ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ವಯಸ್ಸು ಮೂವತ್ತೆರಡು. ಮೊದಲು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದಳು. ಕಾಲೇಜಿನ ಛಾವಣಿಗೆ ಶೆಲ್ ಬಿದ್ದ ಮೇಲೆ ಈ ಕೆಲಸ ಹಿಡಿದಳು. ನನ್ನದೀಗ ಎಮ್ಮೆ ಚರ್ಮ ಎಂದು ಅಕ್ಕನ ಮುಂದೆ ಜಂಭ ಕೊಚ್ಚುತ್ತಿದ್ದಳು. ಶುದ್ಧ ಸುಳ್ಳು. ಕುಕ್ಕಿದ ಲೋಟದ ಸದ್ದು ಅವಳಿಗೆ ಮನೆ ಮುಟ್ಟುವವರೆಗೂ ಕೇಳಿಸುತ್ತಿತ್ತು.

ಅವಳ ಮೇಲಧಿಕಾರಿ ದೂರದ ಯಾವುದೋ ಮಹಾನಗರದವನು. ಇಸ್ತ್ರಿ ಮುದುಡದ ಅಂಗಿ, ಏರದ ದನಿ. ಅವನು ಮೊದಲ ದಿನವೇ ಅವಳಿಗೆ ಒಂದು ನಿಯಮ ಕಲಿಸಿದ್ದ. ಮಾಹಿತಿ ಕೊಟ್ಟವರ ಹೆಸರನ್ನು ಯಾವ ಕಾರಣಕ್ಕೂ ಬರೆಯಕೂಡದು. ಊರು ಬರೆಯಬೇಕು, ವೃತ್ತಿ ಬರೆಯಬೇಕು, ಅಲ್ಲಿಗೆ ನಿಲ್ಲಿಸಬೇಕು. 'ಒಬ್ಬ ಶಿಕ್ಷಕ', 'ಒಬ್ಬ ವ್ಯಾಪಾರಿ', ಹೀಗೆ. ಅವನ ನಗರದಲ್ಲಿ ಐದು ಸಾವಿರ ಶಿಕ್ಷಕರಿದ್ದರೇನೋ. ಅಲ್ಲಿ ಆ ನಿಯಮ ನಡೆದೀತು.

ಅವಳ ಪಾಲಿಗೆ ಬಂದ ಊರುಗಳಲ್ಲಿ ತೀರಾ ಮುಖ ಮುರಿಯುತ್ತಿದ್ದದ್ದು ಗಿರಣಿ ಊರು. ಹೊಳೆದಂಡೆಯ ಮುಚ್ಚಿದ ಹಿಟ್ಟಿನ ಗಿರಣಿ, ಅದರ ಸುತ್ತ ನಲವತ್ತೆರಡು ಮನೆ. ಗಿರಣಿಯಲ್ಲಿ ಸೈನ್ಯ ಠಾಣ್ಯ ಹಾಕಿತ್ತು. ಆ ಊರಿನ ಸೂಲಗಿತ್ತಿ ಅರವತ್ತು ದಾಟಿದ ಹೆಂಗಸು, ಬಾಯಿ ಬೊಂಬಾಯಿ. ಬರಹದಮ್ಮ ಎಂಟು ತಿಂಗಳು ಅವಳ ಜಗಲಿ ಹತ್ತಿ ಇಳಿದಳು. ಒಂದು ಸಲ ಪಾತ್ರೆ ತೊಳೆದ ನೀರು ನೇರವಾಗಿ ಅವಳ ಪಾದದ ಮೇಲೆಯೇ ಬಿತ್ತು.

"ನಲವತ್ತು ವರ್ಷದಿಂದ ಈ ಊರಿನ ಮಕ್ಕಳನ್ನೆಲ್ಲ ನಾನೇ ಹೊರಗೆ ಎಳೆದಿದೀನಿ" ಎಂದಿದ್ದಳು ಸೂಲಗಿತ್ತಿ. "ಒಬ್ಬರ ಮನೆ ಗುಟ್ಟು ಇನ್ನೊಬ್ಬರಿಗೆ ಹೇಳಿದವಳಲ್ಲ. ನಿನ್ನ ಹತ್ರ ಹೇಳ್ತೀನಾ? ನಡಿ ನಡಿ, ಬಿಸಿಲೇರ್ತಾ ಇದೆ."

ಒಂಬತ್ತನೆಯ ತಿಂಗಳಲ್ಲಿ ಒಂದು ದಿನ ಅದೇ ಸೂಲಗಿತ್ತಿ ಅವಳನ್ನು ತಾನಾಗಿ ಹಿತ್ತಲಿಗೆ ಕರೆದಳು. ಐದು ವಾರದ ಹಿಂದೆ ಊರಿನ ಏಳು ಗಂಡಸರು ಸಂತೆಯಿಂದ ಬರುವಾಗ ಕಾಣೆಯಾಗಿದ್ದರು. ನಮ್ಮ ಹತ್ತಿರ ಯಾರೂ ಇಲ್ಲ ಎಂದು ಸೈನ್ಯ ಮೂರು ಸಲ ಬರೆದುಕೊಟ್ಟಿತ್ತು.

"ಏಳೂ ಜನ ಗಿರಣಿ ಒಳಗೇ ಇದಾರೆ. ನಾನೇ ನೋಡಿದೀನಿ" ಎಂದಳು. "ಒಬ್ಬನ ತಲೆ ಒಡೆದಿದೆ. ತನ್ನ ಪಾಳಿಯಲ್ಲೇ ಸತ್ತುಹೋದಾನು ಅಂತ ಕಾವಲಿನವನು ಹೆದರಿ, ಯಾರಿಗೂ ತಿಳಿಯದ ಹಾಗೆ ಹಿಂಬಾಗಿಲಿಂದ ನನ್ನನ್ನ ಕರ್ಕೊಂಡು ಹೋದ. ಪಟ್ಟಿ ಕಟ್ಟಿ ಬಂದೆ."

"ಇಷ್ಟು ದಿನ ಇಲ್ಲದ್ದು ಈಗ ಯಾಕೆ ಹೇಳ್ತಿದೀರಿ ಅಮ್ಮಾ?"

"ಆ ಒಡೆದ ತಲೆ ನನ್ನ ಪಕ್ಕದ ಮನೆಯವನದು. ಅವನ ಹೆಂಡತಿ ತುಂಬಿದ ಬಸುರಿ. ಅವನ ತಾಯಿ, ಮಗ ಸತ್ತೇಹೋದ ಅಂತ ಅನ್ನ ನೀರು ಬಿಟ್ಟಿದಾಳೆ. ಕಣ್ಣಾರೆ ಕಂಡವಳು ಸುಮ್ನಿರೋಕೆ ಆಗ್ತಿಲ್ಲ. ಆದರೆ ನನ್ನ ಹೆಸರು ಎಲ್ಲೂ ಬರಬಾರದು."

"ಬರಲ್ಲ ಅಮ್ಮಾ, ನನ್ನಾಣೆ."

"ನಿನ್ನಾಣೆ ಕಟ್ಕೊಂಡು ನನಗೇನಾಗಬೇಕು. ಬರಬಾರದು, ಅಷ್ಟೇ."

ಅವಳು ಮಾತಿಗೆ ತಪ್ಪಲಿಲ್ಲ. ಹೆಸರು ಬರೆಯಲಿಲ್ಲ. 'ಗಿರಣಿ ಊರಿನ ಸೂಲಗಿತ್ತಿಯೊಬ್ಬರು ಕಣ್ಣಾರೆ ಕಂಡು ತಿಳಿಸಿದಂತೆ, ಗಿರಣಿಯೊಳಗೆ ಏಳು ಮಂದಿ ಬಂಧಿತರಿದ್ದು, ಒಬ್ಬನ ತಲೆಗೆ ತೀವ್ರ ಪೆಟ್ಟಾಗಿದೆ' ಎಂದು ಬರೆದಳು. ನಲವತ್ತೆರಡು ಮನೆಯ ಊರಿಗೆ ಎಷ್ಟು ಜನ ಸೂಲಗಿತ್ತಿಯರಿರುತ್ತಾರೆ? ಪರದೇಶದ ಮೇಲಧಿಕಾರಿಗೆ ಹೊಳೆಯದಿದ್ದರೆ ಹಾಳಾಗಿ ಹೋಗಲಿ, ಈ ನೆಲದಲ್ಲೇ ಹುಟ್ಟಿ, ಇಂಥ ಸೂಲಗಿತ್ತಿಯ ಕೈಗೇ ಬಿದ್ದವಳ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು? ನಿಯಮ ಪಾಲಿಸಿದೆನೆಂಬ ಸಮಾಧಾನದಲ್ಲಿ ವರದಿಯನ್ನು ಎರಡು ಸಲ ಓದಿ, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಕಳಿಸಿದಳು.

ಮೇಲಧಿಕಾರಿ ಕುರ್ಚಿಯಿಂದ ಎದ್ದು ನಿಂತು ಅವಳ ಕೈ ಕುಲುಕಿದ. ಮಾರನೆಯ ದಿನ ಬಾಗಿಲು ಮುಚ್ಚಿದ ಸಭೆಯಲ್ಲಿ ಅವಳಿಗೂ ಒಂದು ಕುರ್ಚಿ ಹಾಕಿದರು. ಅವಳು ಸಂತೋಷಪಟ್ಟಳು, ಪಡಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕನ ಮನೆಯಲ್ಲಿ ತಿಂಡಿಗೆ ಕೂತಿದ್ದಾಗ ಭಾವ ಬಾಯಿ ತೆರೆದ. ಅವನು ಜಿಲ್ಲಾ ಸೇನಾಧಿಕಾರಿಯ ಕಚೇರಿಯಲ್ಲಿ ಗುಮಾಸ್ತ. ನಾದಿನಿಯ ಕೆಲಸ ಕಂಡರೆ ಅವನಿಗೆ ಮೈಯೆಲ್ಲ ಉರಿ.

"ಏನಮ್ಮಾ, 'ಕಣ್ಣಾರೆ ಕಂಡು ತಿಳಿಸಿದಂತೆ' ಅಂತೆಲ್ಲ ಚೆನ್ನಾಗಿ ಬರೀತೀಯ" ಎಂದ, ತಟ್ಟೆಯಿಂದ ತಲೆ ಎತ್ತದೆ.

"ಅದು ನಿಮಗೆ ಹೇಗೆ ಗೊತ್ತು ಭಾವ?"

"ನಿಮ್ಮ ದೊರೆಯೇ ಮೊನ್ನೆ ಜಂಟಿ ಸಭೆಯಲ್ಲಿ ನಮ್ಮ ಸಾಹೇಬರ ಕೈಗೆ ಪ್ರತಿ ಕೊಟ್ಟನಲ್ಲ. ಪರಸ್ಪರ ನಂಬಿಕೆಗೆ ಅಂತೆ! ಆ ಏಳು ಜನರನ್ನ ನಿನ್ನೆ ಜಿಲ್ಲಾ ಜೈಲಿಗೆ ಸಾಗಿಸಿ ಪುಸ್ತಕದಲ್ಲಿ ಹೆಸರು ಹತ್ತಿಸಿದ್ರು. ಕಾವಲಿನವನನ್ನೂ ಒಳಗೆ ಹಾಕಿ, ಗಿರಣಿ ಠಾಣ್ಯ ಖಾಲಿ ಮಾಡಿಸಿದ್ರು. ಇವತ್ತು ಹತ್ತು ಗಂಟೆಗೆ ಆ ಮುದುಕಿಯನ್ನ ತರೋಕೆ ಜೀಪು ಹೊರಡುತ್ತೆ."

ಅಕ್ಕ ನೀರಿನ ಚೊಂಬು ಹಿಡಿದು ನಿಂತೇ ಇದ್ದಳು. ಬರಹದಮ್ಮ ಕೈ ಕೂಡ ತೊಳೆಯದೆ ಎದ್ದು ಓಡಿದಳು. ಗೋಡೆ ಗಡಿಯಾರದಲ್ಲಿ ಎಂಟೂವರೆ.

ಮೇಲಧಿಕಾರಿ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ. ಅವನ ಮೇಲಿನ ದೊಡ್ಡ ಆಪಾದನೆಯೇ ಅದು, ಯಾವಾಗಲೂ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ.

"ವರದಿಯಲ್ಲಿ ಯಾರ ಹೆಸರೂ ಇರಲಿಲ್ಲ" ಎಂದ. "ನಿಯಮದ ಪ್ರಕಾರವೇ ಬರೆದಿದ್ದೀರಿ. ನಿಮ್ಮದೇನೂ ತಪ್ಪಿಲ್ಲ."

"ಆ ಊರಿಗೆ ಇರೋಳು ಒಬ್ಬಳೇ ಸೂಲಗಿತ್ತಿ ಸಾರ್!"

"ಅದನ್ನು ನೀವು ವರದಿಯಲ್ಲಿ ಹೇಳಿರಲಿಲ್ಲ" ಎಂದ ಅವನು. "ಏಳು ಜನರ ಜೀವ ಉಳಿದಿದೆ. ಜೈಲಿನ ಪುಸ್ತಕಕ್ಕೆ ಬಂದವರನ್ನು ಸುಲಭವಾಗಿ ಇಲ್ಲವಾಗಿಸಲು ಆಗುವುದಿಲ್ಲ. ಇದನ್ನು ಗೆಲುವು ಅನ್ನಬೇಕು. ಮುದುಕಿಯ ವಿಷಯ ಶುಕ್ರವಾರದ ಸಭೆಯಲ್ಲಿ ಎತ್ತುತ್ತೇನೆ."

ಆಗ ಇನ್ನೂ ಮಂಗಳವಾರ. ಅವಳಿಗೆ ಆ ಇಸ್ತ್ರಿ ಅಂಗಿಯ ಕೊರಳಪಟ್ಟಿ ಹಿಡಿದು ಜಗ್ಗಬೇಕೆನಿಸಿತು. ಜಗ್ಗಲಿಲ್ಲ. ಕೆಳಗಿಳಿದು ಕಚೇರಿಯ ಬಿಳಿ ಗಾಡಿಯ ಬಾಗಿಲು ತೆಗೆದು ಕೂತಳು.

"ಪರವಾನಗಿ ಚೀಟಿ ಮೇಡಂ?" ಎಂದ ಚಾಲಕ.

"ಇಲ್ಲ."

"ಹಾಗಾದ್ರೆ ನನ್ನ ಕೆಲಸಕ್ಕೂ ಎಳ್ಳುನೀರು ಬಿಟ್ರಿ" ಎಂದು ಬಾಯಿಗೆ ಬಂದಂತೆ ಬೈದುಕೊಳ್ಳುತ್ತಲೇ ಚಾಲಕ ಗಾಡಿ ಹೊರಡಿಸಿದ. ಅವನ ತಂಗಿಯ ಮನೆ ಗಿರಣಿ ಊರಿನ ಆಚೆ ಬೀದಿಯಲ್ಲಿತ್ತು ಎಂಬುದು ಅವಳಿಗೆ ಅವತ್ತೇ ತಿಳಿದದ್ದು.

ಸೂಲಗಿತ್ತಿ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯಲ್ಲಿ, ಬೆವರು ಮತ್ತು ಬಿಸಿನೀರಿನ ಆವಿ ತುಂಬಿದ ಕೋಣೆಯಲ್ಲಿ, ಆ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ನಿನ್ನೆ ಮಧ್ಯಾಹ್ನದಿಂದ ನೋವು ತಿನ್ನುತ್ತಿದ್ದ ಹುಡುಗಿಯ ತುಟಿ ಬಿಳಿಚಿತ್ತು. ತಲೆದೆಸೆಯಲ್ಲಿ ಅವಳ ಅತ್ತೆ, ನರೆತ ಕೂದಲ ಹೆಂಗಸು, ಸೊಸೆಯ ಹಣೆ ಒರೆಸುತ್ತಿದ್ದಳು. ಬರಹದಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು, ತಾನು ಬರೆದ ವಾಕ್ಯವನ್ನೂ ಸೇರಿಸಿ.

ಸೂಲಗಿತ್ತಿ ಕೂಗಾಡಲಿಲ್ಲ. ಕೈ ಒರೆಸಿಕೊಂಡು ಎದ್ದು ಬಂದು ಅವಳ ಮುಖವನ್ನೇ ನೋಡಿದಳು.

"ಹೆಸರು ಬರೀಲಿಲ್ಲ ಅಂದೆಯಲ್ಲ. ಈ ಊರಲ್ಲಿ ನನ್ನ ಹೆಸರು ಯಾರಿಗೆ ನೆನಪಿದೆಯೇ ದರಿದ್ರದವಳೇ? ಸೂಲಗಿತ್ತಿ ಅನ್ನೋದೇ ನನ್ನ ಹೆಸರು."

"ಗಾಡಿ ತಂದಿದೀನಿ ಅಮ್ಮಾ, ಹತ್ತಿ. ಪಟ್ಟಣದಲ್ಲಿ ನಮ್ಮ ಕಚೇರಿಯಲ್ಲಿ..."

"ನಿನ್ನ ಕಚೇರಿಯ ಸೋರೋ ಬಾಯಿಗೆ ನಾನು ಇನ್ನೊಂದು ಸಲ ಬೀಳಲ್ಲ. ಮಗು ಅಡ್ಡ ತಿರುಗಿದೆ, ಇಲ್ಲಿ ನನ್ನ ಕೈಲಾಗೋದು ಮುಗೀತು. ಗಾಡಿಯಲ್ಲಿ ಇವಳನ್ನ ಆಸ್ಪತ್ರೆಗೆ ಹಾಕು. ಇವಳ ಅತ್ತೆ ಜೊತೆಗೆ ಬರ್ತಾಳೆ. ನಾನು ಹೊಳೆ ದಾಟ್ತೀನಿ, ಆಚೆ ನನ್ನ ತಮ್ಮನ ಮನೆಯಿದೆ. ಕಾಲ್ದಾರೀಲಿ ಒಂದು ಗಂಟೆ ನಡಿಗೆ. ಆ ಒಂದು ಗಂಟೆ ಕೊಡಿಸೋ ಯೋಗ್ಯತೆ ಆದ್ರೂ ಇದೆಯಾ ನಿನಗೆ?"

ಪಡೆಯ ಗಾಡಿಯಲ್ಲಿ ಊರವರನ್ನು ಕೂರಿಸುವಂತಿಲ್ಲ ಎಂಬುದೂ ಒಂದು ನಿಯಮವೇ. ಅದು ಅವಳ ತಲೆಗೆ ಬರಲೇ ಇಲ್ಲ. ಚಾಲಕನೂ ಅವಳೂ ಸೇರಿ ಹುಡುಗಿಯನ್ನು ಹಾಸಿಗೆ ಸಮೇತ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಬೀದಿಯ ಹೆಂಗಸರು ಸಾಲಾಗಿ ನಿಂತು ನೋಡಿದರು, ಒಬ್ಬಳೂ ಕೈ ಜೋಡಿಸಲಿಲ್ಲ. ಗಾಡಿ ಹೊರಟಾಗ ಒಂದು ಕಲ್ಲು ಬಂದು ಹಿಂದಿನ ಗಾಜಿಗೆ ಬಡಿಯಿತು.

ಸ್ವಲ್ಪ ದೂರ ಹೋದ ಮೇಲೆ ಅತ್ತೆ ಮೊದಲ ಸಲ ಮಾತಾಡಿದಳು. "ಅವಳು ನನ್ನ ಮಗನಿಗೋಸ್ಕರ ಬಾಯಿ ಬಿಟ್ಟಳು. ನೀನು ಅದನ್ನ ಊರೂರಿಗೆ ಹಂಚಿದೆ."

ಊರಿಂದ ಎರಡು ಮೈಲಿಯ ತಿರುವಿನಲ್ಲಿ ಸೈನ್ಯದ ಜೀಪು ಎದುರಾಗಿ ಅಡ್ಡ ನಿಂತಿತು. ಇಳಿದು ಬಂದವನು ಮೀಸೆ ಸರಿಯಾಗಿ ಮೂಡದ ಲೆಫ್ಟಿನೆಂಟ್, ಜಿಲ್ಲೆಗೆ ಹೊಸಬ. ಬಿಳಿ ಗಾಡಿಯ ಬಾಗಿಲನ್ನಾಗಲಿ, ಪಡೆಯ ಬಿಲ್ಲೆ ಧರಿಸಿದವರನ್ನಾಗಲಿ ಸೈನ್ಯ ಮುಟ್ಟುವಂತಿಲ್ಲವೆಂದು ಒಪ್ಪಂದವಿತ್ತು. ಅವನು ಕಿಟಕಿಯ ಹತ್ತಿರ ಬಗ್ಗಿ ನಕ್ಕ.

"ನಿಮ್ಮ ವರದಿ ನಾನೂ ಓದಿದೆ ಮೇಡಂ. ತುಂಬಾ ಸ್ಪಷ್ಟವಾಗಿ ಬರೀತೀರಿ. ಆ ಸೂಲಗಿತ್ತಿ ಮನೆ ಯಾವುದು ಅಂತಲೂ ಹೇಳಿಬಿಟ್ರೆ ನಮಗೆ ಹುಡುಕಾಟ ತಪ್ಪುತ್ತೆ."

ಸೂಲಗಿತ್ತಿ ಹೊರಟು ಹತ್ತು ನಿಮಿಷವೂ ಆಗಿರಲಿಲ್ಲ. ಜೀಪು ಊರಿಗೆ ಹೋದರೆ ಹೊಳೆಯ ಕಾಲ್ದಾರಿಯಲ್ಲಿ ಅವಳನ್ನು ಹಿಡಿಯುವುದು ಎಷ್ಟು ಹೊತ್ತಿನ ಮಾತು!

"ಅವರು ಊರಲ್ಲಿಲ್ಲ" ಎಂದಳು. "ನಮ್ಮ ಗಾಡಿಯಲ್ಲೇ ಇದ್ದಾರೆ."

ಲೆಫ್ಟಿನೆಂಟ್ ಹಿಂದಿನ ಸೀಟಿನ ಕಡೆ ನೋಡಿದ. ನರೆತ ಕೂದಲು, ರಕ್ತದ ಕಲೆಯ ಬಟ್ಟೆ, ತೊಡೆಯ ಮೇಲೆ ನರಳುತ್ತಿರುವ ಬಸುರಿ. ಅತ್ತೆ ಬರಹದಮ್ಮನ ಬೆನ್ನನ್ನು ಸುಟ್ಟುಬಿಡುವಂತೆ ದಿಟ್ಟಿಸಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು.

"ಹೌದು ಕಣಯ್ಯಾ, ನಾನೇ ಸೂಲಗಿತ್ತಿ. ಮಗು ಅಡ್ಡ ಸಿಕ್ಕೊಂಡಿದೆ. ನೀನು ಬಂದು ತೆಗೀತೀಯಾ? ಆಗಲ್ಲ ಅಂದ್ರೆ ದಾರಿ ಬಿಡು!"

ಅವನು ಹಿಂದೆ ಸರಿದು ವೈರ್‌ಲೆಸ್‌ನಲ್ಲಿ ಏನೋ ಮಾತಾಡಿದ. ಜೀಪು ಊರಿಗೆ ಹೋಗಲಿಲ್ಲ. ತಿರುಗಿಕೊಂಡು ಆಸ್ಪತ್ರೆಯವರೆಗೂ ಬಿಳಿ ಗಾಡಿಯ ಬೆನ್ನು ಹತ್ತಿ ಬಂತು.

ಹೊಟ್ಟೆ ಕೊಯ್ದು ಹೆಣ್ಣು ಮಗುವನ್ನು ತೆಗೆದರು. ತಾಯಿ ಉಳಿಯುತ್ತಾಳೆ ಎಂದು ಡಾಕ್ಟರು ಬಂದು ಹೇಳಿ ಹೋದಾಗ ಹನ್ನೆರಡೂಕಾಲು. ಸೂಲಗಿತ್ತಿ ಹೊಳೆ ದಾಟಿ ಒಂದು ಗಂಟೆಯ ಮೇಲಾಗಿರಬೇಕು. ಬರಹದಮ್ಮ ತಲೆ ಎತ್ತಿದಳು. ಲೆಫ್ಟಿನೆಂಟೂ ಇಬ್ಬರು ಸೈನಿಕರೂ ವರಾಂಡದ ತುದಿಯಲ್ಲಿ ನಿಂತಿದ್ದರು. ಅವರ ಕಣ್ಣಿದ್ದದ್ದು ಬೆಂಚಿನ ಮೇಲೆ ಅವಳ ಪಕ್ಕ ಕೂತಿದ್ದ ಅತ್ತೆಯ ಮೇಲೆ.

ಆಗ ಅವಳಿಗೆ ತಾನು ಮಾಡಿದ್ದೇನೆಂದು ಅರ್ಥವಾಯಿತು. ಆವತ್ತು ಒಬ್ಬ ಮುದುಕಿಯನ್ನು ಬರೆದುಕೊಟ್ಟಿದ್ದಳು. ಇವತ್ತು ಇನ್ನೊಬ್ಬಳನ್ನು ಕೇಳದೆ, ಒಂದು ಮಾತೂ ಹೇಳದೆ, ಬಾಯಿಂದ ಕೊಟ್ಟುಬಿಟ್ಟಿದ್ದಳು.

"ಅಮ್ಮಾ, ನಾನು ಹೋಗಿ ನಿಜ ಹೇಳ್ತೀನಿ. ನೀವಲ್ಲ ಅಂತ..."

"ಹೇಳು. ಹೇಳಿದ ತಕ್ಷಣ ಹೊಳೆಯಾಚೆಗೆ ಆಳು ಕಳಿಸ್ತಾರೆ. ಆ ದಡದಲ್ಲಿ ಅವರಿಗೆ ಜನ ಇಲ್ಲ ಅಂದ್ಕೊಂಡಿದೀಯಾ? ಅವಳು ತಮ್ಮನ ಮನೆಯಿಂದ ಇನ್ನೂ ದೂರ ಹೋಗೋಕೆ ನಾಳೆ ಸಂಜೆ ಆದ್ರೂ ಆಗಬೇಕು" ಎಂದಳು ಅತ್ತೆ.

ನರ್ಸ್ ದೊಡ್ಡ ರಿಜಿಸ್ಟರ್ ಹಿಡಿದು ಬಂದು, ಬಾಣಂತಿಯ ಜೊತೆ ಬಂದವರು ಯಾರು ಎಂದು ಕೇಳಿದಳು. ಬರಹದಮ್ಮ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳ ಮೊಣಕೈ ಹಿಡಿದು ಹಿಂದಕ್ಕೆಳೆದಳು.

"ನೀನು ಬಾಯಿ ಮುಚ್ಚು. ನಾನು ಯಾರು ಅನ್ನೋದನ್ನ ಈ ಸಲ ನಾನೇ ಹೇಳ್ತೀನಿ" ಎಂದು, ವರಾಂಡದ ತುದಿಯವರೆಗೂ ಕೇಳುವಂತೆ ದನಿ ಎತ್ತಿದಳು. "ಬರ್ಕೊಳಮ್ಮಾ. ಗಿರಣಿ ಊರಿನ ಸೂಲಗಿತ್ತಿ."

ನರ್ಸ್ ಬರೆದುಕೊಂಡು ಹೋದಳು. ಸೈನಿಕರು ಎರಡು ಹೆಜ್ಜೆ ಮುಂದೆ ಬಂದು, ಬೆಂಚಿನ ಮೇಲೆ ಪಡೆಯ ಬಿಲ್ಲೆ ಧರಿಸಿ ಕೂತಿದ್ದ ಬರಹದಮ್ಮನನ್ನು ನೋಡಿ ತಡೆದು ನಿಂತರು. ಅವಳು ಮುದುಕಿಗೆ ಒತ್ತಿಕೊಂಡು ಕೂರಲು ಹೋದಳು.

"ದೂರ ಕೂತ್ಕೋ" ಎಂದಳು ಮುದುಕಿ. "ನಿನ್ನ ಮೈ ತಾಗಿದ್ರೂ ನನಗಾಗಲ್ಲ."

ಅವಳು ಒಂದು ಗೇಣು ಸರಿದು ಕೂತಳು. ಬೆಂಚು ಬಿಟ್ಟು ಮಾತ್ರ ಏಳಲಿಲ್ಲ.