ಯಲ್ಲಪ್ಪನವರ ಬಲಗೈ ಮತ್ತು ‘ಪ್ಲಾಟೋ’

೨೦೦೭ರಲ್ಲಿ ನಾನು ಪಣಜಿಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ನಮ್ಮ ವೃತ್ತಿಯಲ್ಲಿ ‘ಪ್ಲಾಟೋ’ ಎಂಬ ಪದವಿದೆ. ರೋಗಿಯ ಚೇತರಿಕೆ ಏರುತ್ತ ಬಂದು ಒಂದು ಹಂತದಲ್ಲಿ ಸಪಾಟಾಗಿ ನಿಂತರೆ ಅದನ್ನು ಬಳಸುತ್ತೇವೆ. ವಾಸಿಯಾಯಿತು ಎಂದಲ್ಲ, ಕಾಯಿಲೆ ಮರಳಿತು ಎಂದೂ ಅಲ್ಲ. ಮುಂದಕ್ಕೆ ಹೋಗುತ್ತಿಲ್ಲ, ಅಷ್ಟೇ. ಆದರೆ ಕೇಸ್ ಪೇಪರಿನಲ್ಲಿ ಅದನ್ನು ಬರೆದ ಮೇಲೆ ವ್ಯಾಯಾಮದ ಸರದಿ ಬೇರೆಯವರಿಗೆ ಹೋಗುತ್ತದೆ. ಹೀಗಾಗಿ ಆ ಪದದ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ.

ಪಣಜಿ ಪಕ್ಕದ ಚಿಂಬಲ್‌ನಲ್ಲಿದ್ದ ಯಲ್ಲಪ್ಪ ವಿಜಾಪುರ ಕಡೆಯವರು, ಗೋಡೆ ಕಟ್ಟುವ ಗೌಂಡಿ. ಪಾರ್ಶ್ವವಾಯು ಬಡಿದು ಬಲಗೈ ಬಿದ್ದಿತ್ತು. ಮೊದಮೊದಲು ಬೆರಳುಗಳು ಚೆನ್ನಾಗಿ ಆಡತೊಡಗಿದವು, ಆಮೇಲೆ ಇದ್ದಲ್ಲೇ ಉಳಿದವು. “ಪ್ಲಾಟೋ ಅಂತ ಬರೆದುಬಿಡಿ,” ಎಂದರು ನಮ್ಮ ವೈದ್ಯರು. ಗೌಂಡಿಗೆ ಬಲಗೈ ಎಂದರೆ ಅನ್ನ. ಮನೆ ನೋಡದೆ ಬರೆಯುವುದಿಲ್ಲ ಎಂದೆ.

ನಾನು ಹೋದಾಗ ಊಟದ ಹೊತ್ತು. ಯಲ್ಲಪ್ಪ ಸುಮ್ಮನೆ ಕೂತಿದ್ದರು. ಹೆಂಡತಿ ರೇಣವ್ವ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅವರ ಬಾಯಿಗೆ ಇಡುತ್ತಿದ್ದರು.

“ಅವರಿಗೆ ತಾವ ಉಣ್ಣಾಕ ಯಾಕ ಬಿಡಂಗಿಲ್ರಿ?” ಎಂದೆ. ನಾನೂ ಧಾರವಾಡದವಳೇ.

“ಬಲಗೈಯಾಗ ತುತ್ತು ನಿಲ್ಲಂಗಿಲ್ರಿ ಬಾಯಾರ. ಎಡಗೈಲೆ ಉಣ್ಣು ಅಂತ ಗಂಡಗ ಹ್ಯಾಂಗ ಹೇಳ್ಲಿ? ನಾ ಇದೀನಲ್ರಿ, ಉಣಸ್ತೀನಿ.”

ಬೈಯಲು ಬಾಯಿ ಬರಲಿಲ್ಲ. ಆಸ್ಪತ್ರೆಯಲ್ಲಿ ಅರ್ಧ ತಾಸು ಚೆಂಡು ಹಿಚುಕಿದ ಕೈ ಉಳಿದ ದಿನವೆಲ್ಲ ತೊಡೆಯ ಮೇಲೆ ಮಲಗಿರುತ್ತಿತ್ತು. ಪ್ರೀತಿಯೇ ಅದಕ್ಕೆ ರಜೆ ಕೊಟ್ಟಿತ್ತು.

“ನಾಳಿಂದ ಬಲಗೈಲೇನ ಉಣ್ಲಿ. ಚೆಲ್ಲಿದ್ರ ಚೆಲ್ಲಲಿ ಬಿಡ್ರಿ.”

ರೇಣವ್ವ ಅತ್ತರು, ಆದರೂ ಒಪ್ಪಿದರು. ಯಲ್ಲಪ್ಪ ಸಿಟ್ಟಿಗೆ ತಟ್ಟೆ ದೂಡಿದ್ದೂ ಉಂಟಂತೆ. ಮೊದಲು ಅನ್ನ ಕಲಸಲು ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಮೆತ್ತಗಿನ ಬಿಸಿ ರೊಟ್ಟಿ ಮುರಿಯಲೂ ಬಂತು. ಅಲ್ಲಿಗೆ ಕೈ ಮತ್ತೆ ನಿಂತಿತು. ಈ ಸಲ ಮನೆಯಲ್ಲೂ ಆಸ್ಪತ್ರೆಯಲ್ಲೂ ಮಾಡುವುದನ್ನೆಲ್ಲ ಮಾಡಿ ನೋಡಿದ್ದೆವು. ನಾನೇ ‘ಪ್ಲಾಟೋ’ ಎಂದು ಬರೆದೆ.

“ಯಲ್ಲಪ್ಪ, ಕೈ ಇನ್ನ ಇಷ್ಟ ರೀ. ಕರಣಿ ಹಿಡಿದು ಗ್ವಾಡಿ ಕಟ್ಟೂದು ಆಗಂಗಿಲ್ಲ.”

ಅವರು ಹೇಳಿದರು: “ನನಗೂ ಗೊತ್ತಾಗಿತ್ರಿ ಬಾಯಾರ. ಖರೇ, ಮೊದಲ ಅಕಿ ನನಗ ಉಣಿಸಿ, ಆರಿದ್ದು ತಾನೊಬ್ಬಾಕಿ ಉಣ್ತಿದ್ಲು. ಈಗ ಇಬ್ರೂ ಕೂಡೇ ಉಣ್ತೀವ್ರಿ.”

ಚೇತರಿಕೆ ನಿಂತಿದೆ ಎನ್ನುವ ಮೊದಲು ರೋಗಿಯ ಮನೆಗೆ ಊಟದ ಹೊತ್ತಿಗೆ ಹೋಗಿ ಬರಬೇಕು ಎಂಬುದನ್ನು ನಾನು ಕಲಿತದ್ದು ಆ ಮನೆಯಲ್ಲಿ. ನಿವೃತ್ತಿಯಾಗುವವರೆಗೂ ಆ ರೂಢಿ ಬಿಡಲಿಲ್ಲ.